ಅಳಿವೆಯ ಬಾಗಿಲಿನಿಂದ ಒಳಗೆ ಬನ್ನಿ

ಮಂಗಳೂರಿಗೆ ಬರುವ ನೆಂಟರು ರೈಲಿಳಿದ ಕೂಡಲೇ ಕೇಳುವುದು ಕಡಲನ್ನು. ಪಣಂಬೂರು ಎಷ್ಟು ದೂರ, ತಣ್ಣೀರುಬಾವಿಗೆ ಬಸ್ಸಿದೆಯೇ, ಸೋಮೇಶ್ವರದಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಎಷ್ಟು ಹೊತ್ತಿಗೆ ಹೊರಡಬೇಕು. ಬಯಲುಸೀಮೆಯಿಂದ ಬಂದವರ ಆ ಹಂಬಲಕ್ಕೆ ನಾನು ಅಡ್ಡ ಬರುವುದಿಲ್ಲ. ಮೊದಲ ದಿನ ಬೆಳಿಗ್ಗೆ ಮಾತ್ರ ನನ್ನ ಮಾತು ನಡೆಸಿಕೊಡಿ ಎಂದು ಕೇಳಿಕೊಂಡು ಅವರನ್ನು ಸ್ಟೇಟ್ ಬ್ಯಾಂಕಿಗೆ ಹೋಗುವ ಸಿಟಿ ಬಸ್ಸು ಹತ್ತಿಸುತ್ತೇನೆ. ಬ್ಯಾಂಕಿನಲ್ಲೇನು ಕೆಲಸ ಎಂದು ಹೊಸಬರು ಮುಖ ನೋಡುತ್ತಾರೆ. ಸಿಟಿ ಬಸ್ಸುಗಳೆಲ್ಲ ಬಂದು ನಿಲ್ಲುವ ನಿಲ್ದಾಣವನ್ನು ನಾವು ಕರೆಯುವುದೇ ಹಾಗೆ. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ‘ರೈಟ್, ಪೋಯಿ’ ಎನ್ನುವುದನ್ನು ಕೇಳುತ್ತ ಅಲ್ಲಿ ಇಳಿದು, ಪಶ್ಚಿಮಕ್ಕೆ ಇಳಿಜಾರಿನಲ್ಲಿ ಸ್ವಲ್ಪ ನಡೆದರೆ ಹಳೆ ಬಂದರು. ಬಂದರಿನ ಕಟ್ಟೆಯಿಂದ ಬೆಂಗ್ರೆಗೆ ಫೆರಿ ದೋಣಿ ಹೋಗುತ್ತದೆ. ಅದನ್ನು ಹತ್ತಿ.

ದೋಣಿಯಲ್ಲಿ ನಿಮ್ಮ ಜೊತೆ ಪ್ರವಾಸಿಗರು ಇರುವುದು ಅಪರೂಪ. ಸಮವಸ್ತ್ರದ ಮಕ್ಕಳು, ಬುಟ್ಟಿ ಹಿಡಿದ ಹೆಂಗಸರು, ರಾತ್ರಿಯೆಲ್ಲ ಬೋಟಿನಲ್ಲಿ ದುಡಿದು ಮನೆಗೆ ಮರಳುವ ಗಂಡಸರು ಇರುತ್ತಾರೆ. ದಾಟಲು ಹಿಡಿಯುವ ಹೊತ್ತು ತೀರ ಕಡಿಮೆ, ಆದ್ದರಿಂದ ಕೂತ ತಕ್ಷಣ ಎಡಕ್ಕೆ ತಿರುಗಿ ನೋಡಿ. ಪೂರ್ವದಿಂದ ನೇತ್ರಾವತಿ ಬರುತ್ತಿದ್ದಾಳೆ. ನಿಮ್ಮ ದೋಣಿ ತೇಲುತ್ತಿರುವುದು ಉತ್ತರದಿಂದ ಇಳಿದು ಬಂದ ಗುರುಪುರ ಹೊಳೆಯಲ್ಲಿ. ಫಲ್ಗುಣಿ ಎಂದೂ ಅವಳಿಗೆ ಹೆಸರು. ಕಡಲು ಕೂಗಳತೆಯಲ್ಲಿದ್ದರೂ ಈ ಹೊಳೆ ನೇರ ಕಡಲಿಗೆ ನುಗ್ಗುವುದಿಲ್ಲ. ಮರಳಿನ ಉದ್ದನೆಯ ದಿಣ್ಣೆಯೊಂದು ಅಡ್ಡ ಇರುವುದರಿಂದ ಕಡಲಿಗೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿದು, ನೇತ್ರಾವತಿಯನ್ನು ಕೂಡಿಕೊಂಡು, ಇಬ್ಬರೂ ಒಂದೇ ಬಾಯಿಂದ ಅರಬ್ಬಿ ಸಮುದ್ರಕ್ಕೆ ಇಳಿಯುತ್ತಾರೆ. ಆ ಬಾಯಿಯೇ ಅಳಿವೆ ಬಾಗಿಲು. ಮರಳಿನ ಆ ದಿಣ್ಣೆಯೇ ಬೆಂಗ್ರೆ. ಅದರ ಮೇಲೆ ಮನೆಗಳಿವೆ, ಶಾಲೆಯಿದೆ, ಭಜನಾ ಮಂದಿರವಿದೆ, ಮಸೀದಿಯಿದೆ. ಒಂದು ಮನೆಯ ಹಿತ್ತಿಲು ಹೊಳೆಗೆ, ಎದುರು ಸಾಲಿನ ಮನೆಯ ಅಂಗಳ ಕಡಲಿಗೆ. ದೋಣಿ ಇಳಿದು ಆ ಅಗಲವನ್ನು ನಡೆದೇ ದಾಟಿ ಕಡಲ ಬದಿಗೆ ಹೋಗಿ ನಿಂತುಕೊಂಡರೆ, ಬೆನ್ನ ಹಿಂದೆ ಹೊಳೆಯ ಸುಮ್ಮನಿರುವ ನೀರು, ಎದುರಿಗೆ ಅಬ್ಬರಿಸುವ ನೀರು.

ಶಿವಮೊಗ್ಗೆಯಿಂದಲೋ ಹೊಸಪೇಟೆಯಿಂದಲೋ ಬಂದವರಿಗೆ ನಾನು ಅಲ್ಲಿ ಇನ್ನೊಂದು ಮಾತು ಹೇಳುತ್ತೇನೆ. ನೇತ್ರಾವತಿ ಹುಟ್ಟುವುದು ನಿಮ್ಮ ತುಂಗೆ ಭದ್ರೆಯರು ಹುಟ್ಟುವ ಅದೇ ಬೆಟ್ಟಸಾಲಿನಲ್ಲಿ, ಗಂಗಾಮೂಲದ ಆಸುಪಾಸಿನಲ್ಲಿ. ಅಲ್ಲಿ ಬಿದ್ದ ಮಳೆಯ ಒಂದು ಪಾಲು ನಿಮ್ಮೂರಿನ ಗದ್ದೆ ಹಾಯ್ದು, ಹಂಪೆಯ ಬಂಡೆಗಳನ್ನು ಸವರಿ, ಕೃಷ್ಣೆಯಲ್ಲಿ ಸೇರಿ ಬಂಗಾಳ ಕೊಲ್ಲಿಯವರೆಗೆ ಹೋಗುತ್ತದೆ. ಇನ್ನೊಂದು ಪಾಲು ಘಟ್ಟದ ಈಚೆ ಜಾರಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ ದಾಟಿ ಇಲ್ಲಿ ನಿಮ್ಮ ಕಾಲ ಬುಡದಲ್ಲಿದೆ. ಇದನ್ನು ಕೇಳಿದ ಹೊಸಪೇಟೆಯ ಹಿರಿಯರೊಬ್ಬರು ಚಪ್ಪಲಿ ಬಿಟ್ಟು ಬಗ್ಗಿ ನೀರು ಮುಟ್ಟಿ ತಲೆಗೆ ಚಿಮುಕಿಸಿಕೊಂಡರು. ಆ ನೀರು ಉಪ್ಪಾಗಿತ್ತು. ಭರತದ ಹೊತ್ತಿಗೆ ಕಡಲು ಹೊಳೆಯೊಳಗೆ ಬಹುದೂರ ಏರಿ ಬರುತ್ತದೆ.

ಇಲ್ಲಿಂದಲೇ ಶುರುಮಾಡಿ ಎನ್ನಲು ನನಗೊಂದು ಕಾರಣವಿದೆ. ಈ ಊರಿನಲ್ಲಿ ಬೆರಗು ಹುಟ್ಟಿಸುವ ಹೆಚ್ಚಿನದೆಲ್ಲ ಈ ಬಾಗಿಲಿನಿಂದ ಒಳಗೆ ಬಂದದ್ದು, ಇಲ್ಲವೇ ಈ ಬಾಗಿಲಿನಿಂದ ಹೊರಗೆ ಹೋದದ್ದು. ಮೊದಲು ಬಾಗಿಲನ್ನು ಕಂಡವರಿಗೆ ಮುಂದೆ ನೋಡುವ ಗುಡಿ, ಮಸೀದಿ, ಇಗರ್ಜಿ, ಹೆಂಚಿನ ಮಾಡು ಎಲ್ಲವೂ ಬೇರೆಯೇ ತೆರನಾಗಿ ಕಾಣುತ್ತವೆ.

ಬೆಂಗ್ರೆಯಿಂದ ಮರಳಿ ಬಂದಾಗ ಇನ್ನೂ ಬೆಳಗಿನ ಹೊತ್ತೇ ಆಗಿದ್ದರೆ ಧಕ್ಕೆಗೆ ಹೋಗಿ. ನೆಲವೆಲ್ಲ ಒದ್ದೆ, ಮಂಜುಗಡ್ಡೆಯ ಪುಡಿ, ಮೀನಿನ ಬೆಳ್ಳಿ ಹೊಳಪು, ಕಾಗೆ ಗಿಡುಗಗಳ ಗಲಾಟೆ. ಬೋಟುಗಳು ಒಂದಕ್ಕೊಂದು ಮೈತಾಗಿಸಿ ಎಷ್ಟು ಒತ್ತಾಗಿ ನಿಂತಿರುತ್ತವೆಂದರೆ ಹುಡುಗರು ಬೋಟಿನಿಂದ ಬೋಟಿಗೆ ಹಾರಿಕೊಂಡೇ ಆಚೆ ಕೊನೆ ಮುಟ್ಟುತ್ತಾರೆ. ಬೂತಾಯಿ, ಬಂಗುಡೆ, ಅಂಜಲ್, ಮಾಂಜಿ, ಕಾಣೆ, ನಂಗ್, ತೊರಕೆ, ಬೊಂಡಾಸ್, ಎಟ್ಟಿ ಎಂದು ಹೆಸರು ಕೂಗುತ್ತ ರಾಶಿ ರಾಶಿಯಾಗಿ ಹರಾಜು ನಡೆಯುತ್ತದೆ. ಕೂಗುವ ಮಾತು ತುಳು, ಉತ್ತರ ಬ್ಯಾರಿ, ನಡುವೆ ಕೊಂಕಣಿ, ಬೋಟಿನ ಕೆಲಸದವರ ತಮಿಳು ತೆಲುಗು. ಹರಾಜಿನಲ್ಲಿ ಕೊಂಡದ್ದನ್ನು ಬುಟ್ಟಿಗೆ ತುಂಬಿ ಮೊಗವೀರ ಹೆಂಗಸರು ಊರೊಳಗೆ ಹೊರಡುತ್ತಾರೆ. ‘ಅಣ್ಣೆರೇ, ಬಲೆ, ಬಂಗುಡೆ ಉಂಡು’ ಎಂದು ನಿಮ್ಮನ್ನೂ ಕರೆದಾರು. ಕೊಳ್ಳದಿದ್ದರೂ ನಿಂತು ಮಾತಾಡಿಸಿ. ಮೀನಿನ ಕಿವಿರು ಎತ್ತಿ ಕೆಂಪು ನೋಡಿ ತಾಜಾ ಹೌದೋ ಅಲ್ಲವೋ ತಿಳಿಯುವುದು ಹೇಗೆಂದು ಅವರು ಕಲಿಸುತ್ತಾರೆ, ಯಾವುದಕ್ಕೆ ಹುಳಿ ಎಷ್ಟು, ಯಾವುದಕ್ಕೆ ಅರೆಪ್ಪು ಬೇಡವೇ ಬೇಡ ಎಂಬುದನ್ನೂ. ಜೂನ್ 1ರಿಂದ ಜುಲೈ 31ರವರೆಗೆ ಮಾತ್ರ ಇದೆಲ್ಲ ಇರುವುದಿಲ್ಲ. ಮೀನು ಮರಿ ಮಾಡುವ ಕಾಲವೆಂದು ಯಾಂತ್ರಿಕ ಬೋಟುಗಳಿಗೆ ಆ 61 ದಿನ ಕಡಲು ನಿಷೇಧ.

ಧಕ್ಕೆಯ ಪಕ್ಕದಲ್ಲೇ ಮಂಜಿಗಳು ನಿಂತಿರುತ್ತವೆ. ಹೊಟ್ಟೆ ಉಬ್ಬಿದ, ಬಣ್ಣ ಬಳಿದ ಸರಕಿನ ನೌಕೆಗಳು. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ, ಇಟ್ಟಿಗೆ, ಒಮ್ಮೊಮ್ಮೆ ಆಡು ಕೋಳಿಗಳೂ ಹಲಗೆಯ ಮೇಲೆ ಹಾದು ಅವುಗಳೊಳಗೆ ಇಳಿಯುವುದನ್ನು ನೋಡಬಹುದು. ಇವೆಲ್ಲ ಹೋಗುವುದು ಲಕ್ಷದ್ವೀಪಕ್ಕೆ. ಕಡಲ ನಡುವಿನ ಹವಳದ ದಿಬ್ಬಗಳ ಮೇಲೆ ಮನೆ ಕಟ್ಟುವವರಿಗೆ ಕಲ್ಲು ಕೂಡ ನಮ್ಮ ಬಂದರಿನಿಂದ ಹೋಗಬೇಕು! ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂದರೆ ಇಂದಿನ ಎಷ್ಟೋ ಮಂದಿ ನಂಬುವುದಿಲ್ಲ. ಮಂಗಳೂರಿನ ಕಲೆಕ್ಟರ ಆಡಳಿತ ಆಗ ನಡುಗಡಲಿನ ತೆಂಗಿನ ತೋಪುಗಳವರೆಗೂ ಚಾಚಿತ್ತು. ರಾಜ್ಯಗಳ ಮರುವಿಂಗಡಣೆಯಲ್ಲಿ ಗಡಿ ಸರಿದುಹೋಯಿತು, ಮಂಜಿಗಳು ಮಾತ್ರ ಹಳೆಯ ದಾರಿ ಬಿಡಲಿಲ್ಲ.

ಈ ಕಟ್ಟೆಯ ಮೇಲೆ ನಿಂತಾಗಲೆಲ್ಲ ನನಗೆ ಅಬ್ರಹಾಂ ಬೆನ್ ಯಿಜು ನೆನಪಾಗುತ್ತಾನೆ. ಉತ್ತರ ಆಫ್ರಿಕದ ಟ್ಯುನೀಸಿಯದಲ್ಲಿ ಹುಟ್ಟಿದ ಯಹೂದಿ ವರ್ತಕ. ಏಡನ್ ಮೂಲಕ ಕಡಲು ದಾಟಿ ಬಂದು ಸುಮಾರು 1132ರಿಂದ 1149ರವರೆಗೆ ಈ ಕರಾವಳಿಯಲ್ಲೇ, ಬಹುಪಾಲು ಮಂಗಳೂರಿನಲ್ಲೇ, ಬದುಕಿದ. ಇಲ್ಲಿ ಅಶು ಎಂಬ ಹೆಣ್ಣನ್ನು ದಾಸ್ಯದಿಂದ ಬಿಡಿಸಿದ ಪತ್ರ 1132ರದು. ಅವನ ಮಕ್ಕಳು ಹುಟ್ಟಿದ್ದು ಈ ಮಣ್ಣಿನಲ್ಲೇ. ಕಾಳುಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಇಲ್ಲಿಂದ ಏಡನ್ನಿಗೆ ಹೋಗುತ್ತಿತ್ತು. ಅಲ್ಲಿಂದ ಇವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಇವನಿಗೊಂದು ಕಂಚಿನ ಕಾರ್ಖಾನೆಯೂ ಇತ್ತು. ಏಡನ್ನಿನ ಗೆಳೆಯರು ಒಡೆದ ಪಾತ್ರೆಗಳನ್ನು ಹಡಗಿನಲ್ಲಿ ಕಳಿಸಿ, ಇವನ್ನು ಕರಗಿಸಿ ಇಂಥ ಅಳತೆಯ ದೀಪ ಮಾಡಿಸು, ಇಂಥ ತಟ್ಟೆ ಮಾಡಿಸು ಎಂದು ವಿವರವಾಗಿ ಬರೆಯುತ್ತಿದ್ದರು. ಆ ಪತ್ರಗಳು ಉಳಿದದ್ದು ಮಂಗಳೂರಿನಲ್ಲಲ್ಲ, ಈಜಿಪ್ಟಿನ ಕೈರೋದಲ್ಲಿ. ದೇವರ ಹೆಸರಿರುವ ಕಾಗದವನ್ನು ಹರಿಯಬಾರದೆಂದು ಅಲ್ಲಿನ ಯಹೂದಿ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಎಲ್ಲ ಕಾಗದಗಳನ್ನೂ ಕೂಡಿಹಾಕುತ್ತಿದ್ದರು. ಶತಮಾನಗಳು ಕಳೆದ ಮೇಲೆ ವಿದ್ವಾಂಸರು ಅವನ್ನು ಬಿಡಿಸಿ ಓದಿದರು.

ಬೆನ್ ಯಿಜುವಿನ ಕೆಲಸದಾಳಿನ ಹೆಸರು ಬೊಮ್ಮ. ಒಡೆಯನ ಪರವಾಗಿ ಸರಕು ಹೇರಿಕೊಂಡು ಏಡನ್ನಿಗೆ ಹೋಗಿಬರುತ್ತಿದ್ದವನು. ಒಮ್ಮೆ ಅಲ್ಲಿ ಕುಡಿದು ಬಂದು ಹಣಕ್ಕಾಗಿ ಪೀಡಿಸಿದನೆಂದು ಏಡನ್ನಿನ ದೊಡ್ಡ ವರ್ತಕ ದೂರಿ ಬರೆದಿದ್ದಾನೆ. ಮುಂದಿನ ಪತ್ರಗಳಲ್ಲಿ ಅದೇ ಬೊಮ್ಮನಿಗೆ ಆದರದ ಸಲಾಮುಗಳು ಬರುತ್ತವೆ. ರಾಜರ ಶಾಸನಗಳಲ್ಲಿ ಹುಡುಕಿದರೂ ಸಿಗದ ಒಬ್ಬ ಸಾಮಾನ್ಯ ತುಳುನಾಡಿನವನು ಒಂಬತ್ತು ಶತಮಾನಗಳಾಚೆಯಿಂದ ತನ್ನ ಕುಡಿತ, ಜಗಳ, ನಂಬಿಕಸ್ತಿಕೆ ಸಮೇತ ಎದ್ದು ಬರುತ್ತಾನಲ್ಲ, ಅದು ನನಗೆ ಯಾವ ಕೋಟೆಗಿಂತಲೂ ದೊಡ್ಡ ಸ್ಮಾರಕ. ಅಮಿತಾವ್ ಘೋಷ್ ಇವನ ಬೆನ್ನು ಹತ್ತಿ ಮಂಗಳೂರಿಗೆ ಬಂದು, ಇಲ್ಲಿ ವಿದ್ವಾಂಸ ಬಿ.ಎ. ವಿವೇಕ ರೈ ಅವರ ನೆರವು ಪಡೆದು, 1992ರಲ್ಲಿ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಎಂಬ ಪುಸ್ತಕ ಪ್ರಕಟಿಸಿದರು. ನಮ್ಮ ಬಂದರಿನಲ್ಲಿ ಬೊಮ್ಮನ ಹೆಸರಿನ ಒಂದು ಫಲಕವಿಲ್ಲ. ಇರಬೇಕಿತ್ತು.

ಬಂದರಿನ ಗೋದಾಮುಗಳ ನಡುವೆ ನಡೆಯುತ್ತ ಹೋದರೆ ಒಣಮೆಣಸು, ಒಣಮೀನು, ಬೆಲ್ಲ, ಕೊಬ್ಬರಿಯ ವಾಸನೆಗಳು ಒಂದಾದ ಮೇಲೊಂದು ಬಂದು ಹೊಡೆಯುತ್ತವೆ. ಆ ಓಣಿಗಳ ನಡುವೆಯೇ ಝೀನತ್ ಬಕ್ಷ್ ಜುಮಾ ಮಸೀದಿ. ಕ್ರಿ.ಶ. 644ರಲ್ಲಿ ಅರಬ್ ವರ್ತಕರ ಕಾಲಕ್ಕೆ ಕಟ್ಟಿದ್ದೆಂಬುದು ಪರಂಪರೆಯ ನಂಬಿಕೆ. ಒಳಗಿನ ಮರದ ಕಂಬಗಳನ್ನು, ಅವುಗಳ ಹೂಬಳ್ಳಿಯ ಕೆತ್ತನೆಯನ್ನು ನೋಡಿದರೆ ಇದೇ ಕೈಗಳೇ ಪಕ್ಕದ ಗುಡಿಯ ಕಂಬಗಳನ್ನೂ ಕೆತ್ತಿರಬೇಕು ಅನ್ನಿಸುತ್ತದೆ. ಹದಿನಾಲ್ಕನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ, ಪಾರಸೀಕ ಮತ್ತು ಯೆಮೆನ್ ದೇಶದ ವರ್ತಕರು ಇಳಿಯುವ ಊರು ಇದು, ಮೆಣಸು ಶುಂಠಿ ಇಲ್ಲಿ ಹೇರಳ ಎಂದು ಬರೆದಿಟ್ಟಿದ್ದಾನೆ. ಸಭ್ಯ ಉಡುಪಿನಲ್ಲಿ ಹೋಗಿ, ನಮಾಜಿನ ಹೊತ್ತು ಬಿಟ್ಟು ಹೋಗಿ, ಬಾಗಿಲಲ್ಲಿ ಇರುವ ಹಿರಿಯರನ್ನು ಕೇಳಿ ಒಳಗೆ ಹೆಜ್ಜೆಯಿಡಿ.

ಅಲ್ಲಿಂದ ರಥಬೀದಿ ಹತ್ತಿರ. ವೆಂಕಟರಮಣ ದೇವಸ್ಥಾನದ ಎದುರಿನ ಆ ಬೀದಿಗೆ ಹೂವಿನ ಹೊತ್ತಿನಲ್ಲಿ ಹೋಗಬೇಕು. ಶಂಕರಪುರದ ಮಲ್ಲಿಗೆ ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿಸಿಕೊಂಡು ಬಂದು ಅಂಗಡಿಗಳಲ್ಲಿ ಬಾಳೆಲೆಯ ಮೇಲೆ ಮಲಗಿರುತ್ತದೆ. ಇದನ್ನು ಮೊಳದ ಲೆಕ್ಕದಲ್ಲಿ ಕೇಳಬೇಡಿ. ಚೆಂಡು, ಅಟ್ಟೆ ಎಂಬುದು ಇಲ್ಲಿನ ಲೆಕ್ಕ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ಕಾಲದಲ್ಲಿ ಇದರ ದರ ಏರಿಳಿಯುವುದು ಮನೆಮನೆಯ ಮಾತು. ತಲೆಗೆ ಮುಡಿಯದಿದ್ದರೂ ಒಂದು ಚೆಂಡು ಕೊಂಡು ಚೀಲದಲ್ಲಿಟ್ಟುಕೊಳ್ಳಿ, ದಿನವಿಡೀ ನಿಮ್ಮ ಜೊತೆ ನಡೆಯುತ್ತದೆ.

ಕದ್ರಿಗೆ ಮಧ್ಯಾಹ್ನದ ಪೂಜೆಯ ಗಡಿಬಿಡಿಯಲ್ಲಿ ಹೋಗಬೇಡಿ, ಬೆಳಗಿನ ಜಾವ ಅಥವಾ ಇಳಿಹೊತ್ತು ಹಿಡಿದು ಹೋಗಿ. ಗುಡ್ಡದ ಬುಡದಲ್ಲಿ ಮಂಜುನಾಥನ ಗುಡಿ. ಅದರ ಹಿಂದೆ ಮೆಟ್ಟಿಲು ಹತ್ತಿದರೆ ಗೋಮುಖದಿಂದ ಸದಾ ಬೀಳುವ ನೀರು, ಅದು ತುಂಬುವ ಕೆರೆಗಳು, ಮೇಲೆ ಜೋಗಿ ಮಠ, ಪಾಂಡವರ ಗುಹೆ ಎಂದು ಜನ ಕರೆಯುವ ಕಲ್ಲಿನ ಗವಿಗಳು. ನಾಥಪಂಥದ ಈ ಮಠಕ್ಕೆ 12 ವರ್ಷಕ್ಕೊಮ್ಮೆ ಹೊಸ ಅರಸ ಬರುತ್ತಾನೆ; ಮಠದ ಮುಖ್ಯಸ್ಥನನ್ನು ಇಲ್ಲಿ ಕರೆಯುವುದೇ ಹಾಗೆ. ನಾಸಿಕದ ಕುಂಭಮೇಳದಲ್ಲಿ ಆಯ್ಕೆಯಾಗಿ, ಜೋಗಿಗಳ ತಂಡದೊಂದಿಗೆ ಅಲ್ಲಿಂದ ಇಲ್ಲಿಯವರೆಗೆ ತಿಂಗಳುಗಟ್ಟಲೆ ನಡೆದುಕೊಂಡೇ ಬರುವುದು ಸಂಪ್ರದಾಯ. ವಿಮಾನ ನಿಲ್ದಾಣವಿರುವ ಊರಿಗೆ ಈ ಕಾಲದಲ್ಲೂ ಒಬ್ಬ ಅರಸ ನಡೆದು ಬರುತ್ತಾನೆ ಎಂಬುದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಆದರೆ ಕದ್ರಿಯಲ್ಲಿ ನೀವು ನಿಂತು ನೋಡಲೇಬೇಕಾದದ್ದು ಗುಡಿಯ ಪ್ರಾಕಾರದಲ್ಲಿರುವ ಲೋಕೇಶ್ವರ. ಮೂರು ಮುಖ, ಆರು ಕೈ, ಪದ್ಮಾಸನದಲ್ಲಿ ಕುಳಿತ, ಹತ್ತಿರ ಹತ್ತಿರ ಐದು ಅಡಿ ಎತ್ತರದ ಕಂಚಿನ ಮೂರ್ತಿ. ಪೀಠದ ಮೇಲಿನ ಸಂಸ್ಕೃತ ಶಾಸನದಲ್ಲಿ ಕಾಲ ಬರೆದಿದೆ: ಕಲಿಯುಗದ 4068, ಅಂದರೆ ಕ್ರಿ.ಶ. 968. ಆಳುಪ ದೊರೆ ಕುಂದವರ್ಮ ಇದನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದ. ವಿಹಾರವೆಂದರೆ ಬೌದ್ಧರ ನೆಲೆ, ಮೂರ್ತಿಯ ಕಿರೀಟದಲ್ಲಿರುವುದು ಧ್ಯಾನಿಬುದ್ಧ. ಪ್ರತಿಷ್ಠೆ ಮಾಡಿಸಿದ ದೊರೆಯಾದರೋ ಅದೇ ಶಾಸನದಲ್ಲಿ ತಾನು ಶಿವನ ಪಾದಕ್ಕೆರಗಿದವನೆಂದು ಹೇಳಿಕೊಳ್ಳುತ್ತಾನೆ. ಶಿವಭಕ್ತ ದೊರೆ ಕೂರಿಸಿದ ಬೋಧಿಸತ್ವ, ನಾಥ ಜೋಗಿಗಳ ಗುಡ್ಡ, ಇಂದು ಮಂಜುನಾಥನ ಸನ್ನಿಧಿ. ಒಂದೇ ಗುಡ್ಡದ ಮೇಲೆ ಇಷ್ಟು ಕಾಲ, ಇಷ್ಟು ದಾರಿಗಳು! ಮೂರ್ತಿಯ ಬಳಿ ಹೋಗಿ ಬೆರಳುಗಳನ್ನು ನೋಡಿ, ಕೊರಳ ಸರಗಳ ಒಂದೊಂದು ಮಣಿಯನ್ನು ನೋಡಿ, ಕೆಳಗಿಳಿದ ರೆಪ್ಪೆಗಳನ್ನು ನೋಡಿ. ಬೆನ್ ಯಿಜುವಿನ ಕಂಚಿನ ಕಾರ್ಖಾನೆಗಿಂತ 164 ವರ್ಷ ಹಿಂದೆಯೇ ಈ ನೆಲದಲ್ಲಿ ಇಂಥ ಎರಕ ಸಾಧ್ಯವಾಗಿತ್ತು. ಏಡನ್ನಿನ ವರ್ತಕರು ಒಡೆದ ಪಾತ್ರೆಗಳನ್ನು ಕಡಲು ದಾಟಿಸಿ ಇಲ್ಲಿಗೇ ಏಕೆ ಕಳಿಸುತ್ತಿದ್ದರೆಂದು ಈ ಮೂರ್ತಿಯ ಮುಂದೆ ನಿಂತಾಗ ನನಗೆ ಅರ್ಥವಾದಂತೆ ಆಗುತ್ತದೆ. ಎರಡಕ್ಕೂ ನೇರ ನಂಟಿದೆಯೆಂದು ನಾನು ವಾದಿಸುವುದಿಲ್ಲ, ಎರಡನ್ನೂ ಒಟ್ಟಿಗೆ ನೆನೆಯುವ ಸುಖವನ್ನು ಬಿಡುವುದೂ ಇಲ್ಲ.

ಇನ್ನು ಸಂತ ಅಲೋಶಿಯಸ್ ಚಾಪೆಲ್. ಅದಕ್ಕೆ ಒಂದು ಗಂಟೆಯನ್ನಾದರೂ ಇಟ್ಟುಕೊಳ್ಳಿ. ಹೊರಗಿನಿಂದ ನೋಡಿದರೆ ಕಾಲೇಜಿನ ಆವರಣದ ಒಂದು ಬಿಳಿ ಕಟ್ಟಡ ಅಷ್ಟೆ. ಬಾಗಿಲು ದಾಟಿದರೆ ಗೋಡೆ, ಕಮಾನು, ಸೂರು ಯಾವುದರಲ್ಲೂ ಒಂದು ಗೇಣು ಖಾಲಿ ಜಾಗವಿಲ್ಲ, ಎಲ್ಲವೂ ಚಿತ್ರ. ಇಟಲಿಯ ಬೆರ್ಗಾಮೊ ಹತ್ತಿರದ ಹಳ್ಳಿಯಲ್ಲಿ 1854ರಲ್ಲಿ ಹುಟ್ಟಿದ ಅಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಸೋದರ ಹಡಗು ಹತ್ತಿ ಬಂದು, 1899ರಿಂದ 1901ರವರೆಗೆ ಇದನ್ನು ಬರೆದ. ಗೋಡೆಯ ಚಿತ್ರಗಳು ಫ್ರೆಸ್ಕೋ. ಗಾರೆ ಹಸಿಯಿರುವಾಗಲೇ ಬಣ್ಣ ಹಾಕಬೇಕು, ಒಣಗಿದರೆ ಹಿಡಿಯುವುದಿಲ್ಲ. ಅಂದರೆ ಆ ದಿನ ಎಷ್ಟು ಬರೆಯಬಹುದೋ ಅಷ್ಟೇ ಗಾರೆ ಮೆತ್ತಿಸಿ, ಅಟ್ಟಣಿಗೆಯ ಮೇಲೆ ನಿಂತು, ತಿದ್ದಲು ಅವಕಾಶವಿಲ್ಲದಂತೆ ಕುಂಚ ಓಡಿಸಬೇಕು. ಸೂರಿನವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಅವುಗಳಲ್ಲಿ ಅಲೋಶಿಯಸ್ ಗೊನ್ಜಾಗನ ಬದುಕಿದೆ: ಸಿರಿವಂತ ಮನೆತನದ ಹುಡುಗ, ಎಲ್ಲ ಬಿಟ್ಟು ಸನ್ಯಾಸ ಹಿಡಿದು, ರೋಮಿನಲ್ಲಿ ಪಿಡುಗು ಬಂದಾಗ ರೋಗಿಗಳ ಸೇವೆ ಮಾಡಿ 1591ರಲ್ಲಿ, ಇನ್ನೂ 23ರ ಹರೆಯದಲ್ಲಿ, ತೀರಿಕೊಂಡವನು.

ಬೆಂಚಿನ ಮೇಲೆ ಕೂತು ಕತ್ತೆತ್ತಿ ನೋಡಿ. ಗೋಡೆಯಿಂದ ಮುಂದೆ ಚಾಚಿದ ಕೆತ್ತನೆಯ ಕಂಬವೆಂದು ತೋರುವುದು ಕಂಬವಲ್ಲ, ನೆರಳು ಬೆಳಕು ಬರೆದ ಚಪ್ಪಟೆ ಗೋಡೆ. ನಾನು ಕರೆದೊಯ್ದ ಮಕ್ಕಳೆಲ್ಲರೂ ಅದನ್ನು ಮುಟ್ಟಿ ನೋಡಲು ಕೈ ಚಾಚಿದ್ದಾರೆ. ಮುಟ್ಟಬಾರದು, ಆದರೆ ಆ ಕೈ ಚಾಚುವಿಕೆಯೇ ಚಿತ್ರಕಾರನಿಗೆ ಸಲ್ಲುವ ಮರ್ಯಾದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಉಪ್ಪುಗಾಳಿ ಕಬ್ಬಿಣವನ್ನೇ ತಿನ್ನುವ ಊರಿನಲ್ಲಿ ಹಸಿಗಾರೆಯ ಬಣ್ಣ ನೂರಿಪ್ಪತ್ತು ವರ್ಷ ದಾಟಿ ಉಳಿದಿದೆ. ಅದಕ್ಕಾಗಿ ಶ್ರಮಪಟ್ಟವರಿದ್ದಾರೆ; 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಬಂದು ಚಿತ್ರಗಳನ್ನು ಶುದ್ಧಿ ಮಾಡಿದರು. ಮೊಸ್ಕೇನಿ ತನ್ನ ಊರಿಗೆ ಮರಳಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ.

ಚಾಪೆಲ್ ಇರುವ ಗುಡ್ಡವೇ ಬಾವುಟ ಗುಡ್ಡೆ. 1837ರ ಏಪ್ರಿಲಿನಲ್ಲಿ ಸುಳ್ಯ, ಕೊಡಗು ಸೀಮೆಯ ರೈತರು ಎದ್ದು ಬಂದು ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಹಾರಿಸಿ, 13 ದಿನ ಮಂಗಳೂರನ್ನು ಹಿಡಿದಿಟ್ಟುಕೊಂಡದ್ದು ಇಲ್ಲಿ. ಈಗ ಅಲ್ಲಿ ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯಿದೆ. ಗುಡ್ಡೆಯಿಂದ ಪಶ್ಚಿಮಕ್ಕೆ ನೋಡಿದರೆ ಬಹುಮಹಡಿ ಕಟ್ಟಡಗಳ ಸಂದಿಯಲ್ಲಿ ತೆಂಗಿನ ತಲೆಗಳು, ಅವುಗಳ ಕೆಳಗೆ ಅಲ್ಲಲ್ಲಿ ಉಳಿದಿರುವ ಕೆಂಪು ಮಾಡುಗಳು. ಆ ಹೆಂಚನ್ನು ಕಡೆಗಣಿಸಬೇಡಿ. ಬಾಸೆಲ್ ಮಿಷನ್ನಿನ ಗೇಯಾರ್ಗ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ನೇತ್ರಾವತಿ ತಂದು ಹಾಕಿದ ಆವೆಮಣ್ಣು ಅಚ್ಚಿಗೆ ಬಿದ್ದು, ಬೆಂದು, ಇದೇ ಅಳಿವೆಯಿಂದ ಹಡಗೇರಿ ದೂರ ದೂರದ ದೇಶಗಳ ಮನೆಗಳ ಮೇಲೆ ಕೂತಿತು. ಹಳೆಯ ಮನೆ ಕೆಡಹುವ ಕಡೆ ಹೆಂಚು ಸಿಕ್ಕರೆ ಮಗುಚಿ ನೋಡಿ, ಕಾರ್ಖಾನೆಯ ಹೆಸರು, ಮಂಗಳೂರಿನ ಹೆಸರು ಉಬ್ಬಿ ನಿಂತಿರುತ್ತದೆ.

ಅದೇ ಮಿಷನ್ನಿನವರು 1841ರಲ್ಲಿ ಬಲ್ಮಠದಲ್ಲಿ ಕಲ್ಲಚ್ಚಿನ ಛಾಪಖಾನೆ ಶುರುಮಾಡಿದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ ಹೊರತಂದದ್ದು 1843ರ ಜುಲೈ 1ರಂದು. ಫರ್ಡಿನಾಂಡ್ ಕಿಟ್ಟೆಲರ ನಿಘಂಟು, ಸುಮಾರು 70,000 ಪದಗಳದ್ದು, 1894ರಲ್ಲಿ ಈ ಊರಿನಲ್ಲೇ ಅಚ್ಚಾಯಿತು. ಈ ಸಾಲುಗಳನ್ನು ಕನ್ನಡದಲ್ಲಿ ಓದುತ್ತಿರುವ ನಿಮಗೆ ಬಲ್ಮಠದ ಗುಡ್ಡದ ಮೇಲೆ ಒಂದು ಋಣವಿದೆ. ಬಸ್ಸಿನಲ್ಲಿ ಹಾದುಹೋಗುವಾಗಲಾದರೂ ಒಮ್ಮೆ ಕಣ್ಣೆತ್ತಿ ನೋಡಿ.

ಹಸಿವಿನ ಮಾತು. ಬೆಳಿಗ್ಗೆ ಬನ್ಸ್ ಮತ್ತು ಗಟ್ಟಿ ಚಟ್ನಿ, ಅಥವಾ ನೀರುದೋಸೆಗೆ ಕಾಯಿಬೆಲ್ಲ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ. ಮೀನು ತಿನ್ನದವರಿಗೆ ಹಲಸಿನ ಬೀಜ ಹಾಕಿದ ಸೌತೆಯ ಹುಳಿ. ಸಂಜೆ ಗೋಳಿಬಜೆ. ರಾತ್ರಿ ಕೋರಿರೊಟ್ಟಿ, ಅದೂ ರೊಟ್ಟಿ ಪೂರ್ತಿ ನೆನೆಯುವ ಮುಂಚೆಯೇ. ಶ್ರಾವಣದಲ್ಲಿ ಬಂದರೆ ಕೆಸುವಿನೆಲೆಯ ಪತ್ರೊಡೆಯನ್ನು, ಅಷ್ಟಮಿಗೆ ಬಂದರೆ ಕೇದಗೆಯ ಎಲೆಯಲ್ಲಿ ಬೆಂದ ಮೂಡೆಯನ್ನು ತಿನ್ನದೆ ಹೋಗಬೇಡಿ. ಮೂಡೆಗೆ ಎಲೆಯ ಪರಿಮಳ ಹಿಡಿದಿರುತ್ತದೆ. ಕೊನೆಗೆ ಗಡ್‌ಬಡ್ ಐಸ್‌ಕ್ರೀಮು. 1975ರಲ್ಲಿ ಮಾರ್ಕೆಟ್ ರಸ್ತೆಯಲ್ಲಿ ಶುರುವಾದ ಐಡಿಯಲ್‌ಗೆ ನಮ್ಮ ಹಿರಿಯರು ನಮ್ಮನ್ನು ಕರೆದೊಯ್ದರು, ನಾವು ನಮ್ಮ ಮಕ್ಕಳನ್ನು ಕರೆದೊಯ್ಯುತ್ತಿದ್ದೇವೆ.

ಈಗ ಕಡಲಿಗೆ ಹೋಗಿ. ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ಇದೆ, 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು. ಹೊಳೆಯೊಳಗೆ ಶತ್ರುವಿನ ಹಡಗು ನುಗ್ಗದಂತೆ ಕಾಯಲು ಕಟ್ಟಿದ್ದು. ತೋಪಿನ ಕಂಡಿಗಳಲ್ಲಿ ಈಗ ಗಾಳಿ ಮಾತ್ರ ಸುಳಿಯುತ್ತದೆ. ಅದರ ಬುಡದಿಂದ ದೋಣಿ ಹತ್ತಿ ಆಚೆ ದಡಕ್ಕೆ ಹೋದರೆ ತಣ್ಣೀರುಬಾವಿ, ಗಾಳಿಮರಗಳ ನೆರಳಿನ ಸಮುದ್ರ ದಂಡೆ. ಹೊಳೆ ಉಕ್ಕಿದ ದಿನಗಳಲ್ಲಿ ದೋಣಿ ನಿಲ್ಲಿಸುವುದುಂಟು, ವಿಚಾರಿಸಿಕೊಂಡು ಹೋಗಿ. ಸಮಯವಿದ್ದವರು ನೇತ್ರಾವತಿ ಸೇತುವೆ ದಾಟಿ ಉಳ್ಳಾಲಕ್ಕೂ ಹೋಗಲಿ. ಸೈಯದ್ ಮದನಿ ದರ್ಗಾ, ಸೋಮೇಶ್ವರದ ಬಂಡೆಯ ಮೇಲಿನ ಗುಡಿ, ಅಬ್ಬಕ್ಕ ರಾಣಿಯ ನೆಲ. ಪೋರ್ಚುಗೀಸರನ್ನು ಎದುರು ಹಾಕಿಕೊಂಡ ಉಳ್ಳಾಲದ ರಾಣಿಯನ್ನು 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ ಮನೇಲ್ ಎಂಬಲ್ಲಿ ಕಂಡ. ಅರಮನೆಯಲ್ಲಿ ಅಲ್ಲ, ದಾರಿಯಲ್ಲಿ. ಬರಿಗಾಲಲ್ಲಿ, ಸಾದಾ ಬಟ್ಟೆಯಲ್ಲಿ, ಬೇಸಾಯಕ್ಕೆ ನೀರು ಹಾಯಿಸಲು ತೋಡು ತೋಡಿಸುತ್ತಿದ್ದ ಕಡೆಗೆ ಆಕೆ ನಡೆದು ಹೋಗುತ್ತಿದ್ದಳು. ದಾರಿಯಲ್ಲೇ ನಿಂತು ಮಾತಾಡಿದಳು. ಕಂಚಿನ ಪ್ರತಿಮೆಗಳಲ್ಲಿ ಕತ್ತಿ ಹಿಡಿದ ಅಬ್ಬಕ್ಕನನ್ನು ಎಲ್ಲರೂ ಬಲ್ಲರು, ನನಗೆ ಈ ತೋಡಿನ ಬದಿಯ ರಾಣಿ ಇನ್ನೂ ಹೆಚ್ಚು ಇಷ್ಟ. ಸೋಮೇಶ್ವರದಲ್ಲಿ ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಬಂಡೆಗಳ ಬಳಿ ನೀರಿಗೆ ಇಳಿಯಬೇಡಿ. ಅಲ್ಲಿನ ಅಲೆಗಳ ಸೆಳೆತ ಈಜು ಬಲ್ಲವರನ್ನೂ ಬಿಡುವುದಿಲ್ಲ.

ಯಾವಾಗ ಬರಬೇಕೆಂದು ಕೇಳುವವರಿಗೆ ನವರಾತ್ರಿ ಎನ್ನುತ್ತೇನೆ. ಮಳೆ ಕಳೆದು ಊರು ತೊಳೆದಿಟ್ಟಂತೆ ಇರುತ್ತದೆ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥನ ಗುಡಿಯಲ್ಲಿ ಶಾರದೆ ಮತ್ತು ನವದುರ್ಗೆಯರ ಮೂರ್ತಿಗಳು ಕೂರುತ್ತವೆ. ಬೇರೆ ಗುಡಿಗಳೊಳಗೆ ಪ್ರವೇಶವಿಲ್ಲದಿದ್ದ ಜನ ತಮ್ಮದೇ ಗುಡಿ ಕಟ್ಟಿಕೊಂಡು, ಅದರ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟ ಕಥೆ ಅದು. ದಸರೆಯ ಕೊನೆಯ ರಾತ್ರಿ ಅಲ್ಲಿಂದ ಹೊರಡುವ ಮೆರವಣಿಗೆ ಬೆಳಗಿನವರೆಗೂ ಬೀದಿಗಳಲ್ಲಿರುತ್ತದೆ. ಅದಕ್ಕಿಂತ ಮೊದಲೇ ಊರಿಗೆ ಹುಲಿಗಳು ಇಳಿದಿರುತ್ತವೆ. ತಾಸೆಯ ಬಡಿತ ಕೇಳಿದ ಕಡೆಗೆ ಓಡಿ. ಹಿಂದಿನ ರಾತ್ರಿಯಿಡೀ ಮೈಗೆ ಬಣ್ಣ ಬಳಿಸಿಕೊಂಡು, ಅದು ಒಣಗುವವರೆಗೆ ಕುಳಿತುಕೊಳ್ಳಲಾಗದೆ ಕೋಲು ಹಿಡಿದು ನಿಂತೇ ಇದ್ದ ಹುಡುಗರು ಅವರು. ಎಷ್ಟೋ ಮಂದಿಯದು ಮನೆಯವರು ಹೊತ್ತ ಹರಕೆ. ಹಳದಿ ಪಟ್ಟೆಯ ಪಿಲಿ, ಕರಿ ಪಿಲಿ, ಅಪ್ಪನ ಕೈ ಹಿಡಿದ ಪುಟ್ಟ ಮರಿ ಪಿಲಿ. ಬೋಳಾರದ ಮಂಗಳಾದೇವಿಯ ಮುಂದೆ, ರಥಬೀದಿಯಲ್ಲಿ, ತಂಡಗಳು ಸರದಿ ಕಾಯುತ್ತ ಕುಣಿಯುತ್ತವೆ. ನೆಲದ ಮೇಲೆ ಅಕ್ಕಿಮುಡಿ ತಂದಿಡುತ್ತಾರೆ, ಬೈಹುಲ್ಲಿನ ಹಗ್ಗದಲ್ಲಿ ಬಿಗಿದು ಕಟ್ಟಿದ, ಸುಮಾರು 40 ಕಿಲೋ ತೂಗುವ ಅಕ್ಕಿಯ ಗಂಟು. ಹುಲಿ ಅದಕ್ಕೆ ಸುತ್ತು ಬರುತ್ತದೆ, ಮೂಸುತ್ತದೆ, ಬಗ್ಗಿ ಹಲ್ಲಿನಿಂದ ಕಚ್ಚಿ ಹಿಡಿಯುತ್ತದೆ, ತಾಸೆಯ ಏಟು ಏರುತ್ತ ಹೋಗಿ ಕೊನೆಯ ಮುಕ್ತಾಯಕ್ಕೆ ಬಂದಾಗ ಕತ್ತನ್ನೊಮ್ಮೆ ಎತ್ತಿ ಮುಡಿಯನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತದೆ. ಆದ್ದರಿಂದ ಜಾಗ ಹಿಡಿಯುವಾಗ ಹುಲಿಯ ಎದುರಿಗೋ ಬದಿಗೋ ನಿಲ್ಲಿ, ಬೆನ್ನ ಹಿಂದೆ ನಿಲ್ಲಬೇಡಿ.